ಎತ್ತದ ಕೈ

ನಮ್ಮೂರಿನಲ್ಲಿ ಒಂದು ಹಾಡು ಒಬ್ಬರ ಕಿವಿಗೆ ಬೀಳುವುದು ಒಂದೇ ಸಲ. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿಬಿಟ್ಟರೆ ಮುಗಿಯಿತು. ಆಮೇಲೆ ಅದೇ ಹಾಡನ್ನು ಯಾರಾದರೂ ಎದುರಿಗೆ ಕೂತು ಗಂಟಲು ಹರಿಯುವ ಹಾಗೆ ಹಾಡಿದರೂ ಅವರ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಸೊಲ್ಲು ಕೇಳಿಸುವುದಿಲ್ಲ. ಅರ್ಧಕ್ಕೆ ನಿಂತ ಹಾಡು ಮಾತ್ರ ಲೆಕ್ಕಕ್ಕಿಲ್ಲ, ಅದನ್ನು ಮತ್ತೆ ಮೊದಲಿನಿಂದ ಕೇಳಬಹುದು. ಅದಕ್ಕೇ ನಮ್ಮ ತಾಯಂದಿರು ಜೋಗುಳದ ಕೊನೆಯ ಸಾಲನ್ನು ಹಾಡುವುದಿಲ್ಲ. ಮಕ್ಕಳು ಬೆಳೆದು ಬೇರೆ ಸಂಸಾರ ಹೂಡುವ ದಿನ ಹೊಸ್ತಿಲಲ್ಲಿ ನಿಂತು ಆ ಸಾಲನ್ನೂ ಸೇರಿಸಿ ಪೂರ್ತಿ ಹಾಡಿ ಕಳಿಸುತ್ತಾರೆ. ಬಸ್ಸಿನಲ್ಲಿ ಹಾಡು ಹಾಕುವ ಮೊದಲು ಕಂಡಕ್ಟರು ಸೀಟಿ ಊದಿ ಹಾಡಿನ ಹೆಸರು ಕೂಗುತ್ತಾನೆ. ಬೇಡವಾದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಯಾವ ಹಾಡನ್ನು ಯಾವಾಗ, ಯಾರ ಪಕ್ಕದಲ್ಲಿ ಕೂತು ಕೇಳಬೇಕು ಎನ್ನುವುದು ನಮ್ಮಲ್ಲಿ ಹೆಣ್ಣು ಗಂಡು ನೋಡುವಷ್ಟೇ ದೊಡ್ಡ ವಿಚಾರ.

ಆ ವಿಚಾರದಲ್ಲಿ ಊರಿಗೆ ಬುದ್ಧಿ ಹೇಳುವ ಕೆಲಸ ನನ್ನದಾಗಿತ್ತು. ನನ್ನ ಹೆಸರು ಇಂದುಮತಿ, ಊರಿಗೆಲ್ಲ ಇಂದಕ್ಕ. ‘ಪೇಟೆವಾರ್ತೆ’ ಎಂಬ ವಾರಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷ ‘ಮೊದಲ ಕಿವಿ’ ಎಂಬ ಅಂಕಣ ಬರೆದೆ. ಹೊಸ ಹಾಡನ್ನು ಎಲ್ಲರಿಗಿಂತ ಮೊದಲು ಕೇಳಿ, ಇದನ್ನು ಕೂತು ಕೇಳಿ, ಇದನ್ನು ಮಳೆ ಬರುವ ದಿನಕ್ಕೆ ಇಟ್ಟುಕೊಳ್ಳಿ, ಇದನ್ನು ಪಾತ್ರೆ ತೊಳೆಯುತ್ತ ಕೇಳಿದರೂ ನಷ್ಟವಿಲ್ಲ ಎಂದು ಹೇಳುವುದು. ಜನ ನನ್ನ ಮಾತು ನಂಬುತ್ತಿದ್ದರು. ನಾನೂ ನಂಬುತ್ತಿದ್ದೆ, ಅದೇ ತೊಂದರೆಯಾದದ್ದು. ಈಗ ಬರೆಯುತ್ತಿರುವುದು ಆ ಅಂಕಣವಲ್ಲ. ಇದು ನಾನು ಮಾಡಿದ ಒಂದು ಕೆಲಸದ ವಿಷಯ. ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ‘ಒದ್ದೆ ಬೆಂಕಿಪೊಟ್ಟಣ’ ಎಂಬ ರಾಕ್ ಬ್ಯಾಂಡಿನವರಿದ್ದರು. ಹಾಡಿ ಗಿಟಾರ್ ನುಡಿಸುವವನು ಸೋಮಲಿಂಗ, ಡ್ರಮ್ಮು ಬಾರಿಸುವವನು ಮೆಲ್ವಿನ್, ಬೇಸ್ ಗಿಟಾರಿಗೆ ಫರೀದಾ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ರೆಕಾರ್ಡ್ ಮಾಡಿ ತಾವೇ ಮಾರುವವರು. ಅವರ ಹೊಸ ಆಲ್ಬಮ್ಮಿನಲ್ಲಿ ಒಂಬತ್ತು ಹಾಡು. ತಿಂಗಳ ಕೊನೆಗೆ ಅದು ಬರುವ ಮೊದಲು ಮೂರು ಹಾಡುಗಳನ್ನು ಒಂದು ಸಣ್ಣ ಕ್ಯಾಸೆಟ್ಟಿನಲ್ಲಿ ಬಿಡುವುದೆಂದು ಮಾತಾಗಿತ್ತು. ಅವುಗಳನ್ನು ಮೊದಲು ಕೇಳಲು ಒಂದು ಮಂಗಳವಾರ ಬೆಳಗ್ಗೆ ನನ್ನನ್ನು ಕರೆದರು.

ಮೊದಲ ಕೇಳುವಿಕೆಗೆ ನಮ್ಮಲ್ಲೊಂದು ಕ್ರಮವಿದೆ. ಕೇಳುವವರು ಕೈಯನ್ನು ಮೊಣಕಾಲಿನ ಮೇಲಿಟ್ಟು ಕೂರಬೇಕು. ಹಾಡು ನಡೆಯುವಾಗ ಮನಸ್ಸು ಬೇರೆ ಕಡೆ ಹೋಯಿತೆಂದರೆ ತಕ್ಷಣ ಕೈ ಎತ್ತಬೇಕು. ಹಾಡು ಮುಗಿಯುವುದರೊಳಗೆ ಎತ್ತಿದರೆ ಸಾಕು, ಅವರು ಟೇಪು ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತಾರೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ನರಹರಿರಾಯರು ಒಂದೊಂದು ಹಾಡಿಗೆ ಐದಾರು ಸಲ ಕೈ ಎತ್ತುತ್ತಿದ್ದರಂತೆ, ನೊಣ ಹಾರಿದರೂ ಎತ್ತುತ್ತಿದ್ದರಂತೆ. ನಾನು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಎತ್ತಿರಲಿಲ್ಲ. ಇದನ್ನು ಎಲ್ಲರೂ ಹೇಳಿಕೊಳ್ಳುತ್ತಿದ್ದರು, ನಾನು ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಂಡು ಬೀಗುತ್ತಿದ್ದೆ.

ಅವತ್ತು ಮೂವರೂ ಕಿವಿಗೆ ಹತ್ತಿ ತುರುಕಿಕೊಂಡು ನನ್ನ ಮುಂದೆ ಸಾಲಾಗಿ ಕೂತರು. ಹಾಡು ಮಾಡಿದವರಿಗೂ ಪೂರ್ತಿ ಕೇಳುವುದು ಒಂದೇ ಸಲವಲ್ಲವೇ; ತುಂಡು ತುಂಡಾಗಿ ಅಭ್ಯಾಸ ಮಾಡಿ, ತುಂಡು ತುಂಡಾಗಿ ರೆಕಾರ್ಡ್ ಮಾಡಿ, ಆ ಒಂದು ಸಲವನ್ನು ಬೇಕಾದವರ ಜೊತೆಗೆಂದು ಉಳಿಸಿಕೊಂಡಿರುತ್ತಾರೆ. ಮೆಲ್ವಿನ್ ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ.

ಮೊದಲ ಹಾಡು ‘ಬಸ್ ಸ್ಟ್ಯಾಂಡಿನ ಗಡಿಯಾರ’. ಚುರುಕಾಗಿತ್ತು, ಗಿಟಾರು ಸ್ವಲ್ಪ ಗಲಾಟೆ, ಫರೀದಾಳ ಬೇಸು ನೆಲದಿಂದ ಬಂದು ಕುರ್ಚಿ ಹತ್ತುತ್ತಿತ್ತು. ಎರಡನೆಯದು ‘ತಣ್ಣಗಾದ ಚಹಾ’. ಅದು ನಿಜಕ್ಕೂ ಒಳ್ಳೆಯ ಹಾಡು. ಸೋಮಲಿಂಗ ಸಾಲುಗಳನ್ನು ಎಳೆಯದೆ, ಮನೆಯಲ್ಲಿ ಮಾತಾಡುವ ಹಾಗೆ ಹಾಡಿದ್ದ. ಹಾಡು ಮುಗಿಯುತ್ತಿದ್ದ ಹಾಗೆ ನನ್ನ ತಲೆಯಲ್ಲಿ ಒಂದು ವಾಕ್ಯ ಹುಟ್ಟಿತು: ‘ಈ ಹಾಡು ತಣ್ಣಗಾದ ಚಹಾದ್ದಲ್ಲ, ಚಹಾ ತಣ್ಣಗಾಗುವವರೆಗೂ ಕಾದವರದ್ದು.’ ನನಗೇ ಮೈ ಜುಮ್ಮೆಂದಿತು. ಅಷ್ಟರಲ್ಲಿ ಮೆಲ್ವಿನ್ ಮೂರನೆಯ ಹಾಡು ಶುರು ಮಾಡಿದ. ಅದರ ಹೆಸರು ‘ಬೆಲ್ಟು’.

ಡ್ರಮ್ಮು ಧಡಧಡನೆ ಬಂತು, ಅಷ್ಟು ಗೊತ್ತು. ಆಮೇಲೆ ನಾನು ನನ್ನ ವಾಕ್ಯದ ಹಿಂದೆ ಹೋದೆ. ‘ಕಾದವರದ್ದು’ ಎನ್ನಬೇಕೋ ‘ಕಾದು ಕೂತವರದ್ದು’ ಎನ್ನಬೇಕೋ. ‘ಕಾದು ಕೂತವರದ್ದು’ ಎಂದರೆ ತೂಕ ಬರುತ್ತದೆ, ಆದರೆ ಉದ್ದವಾಗುತ್ತದೆ. ಅಂಕಣವನ್ನು ಇದರಿಂದಲೇ ಶುರು ಮಾಡಲೋ, ಕೊನೆಗೆ ಇಡಲೋ. ಸಂಪಾದಕರು ಓದಿ ಏನನ್ನಬಹುದು ಎನ್ನುವವರೆಗೂ ಹೋಗಿದ್ದೆ. ಹಾಗೆ ಹೋದವಳು ವಾಪಸು ಬಂದಾಗ ಕೋಣೆ ತೀರಾ ಮೆತ್ತಗಾಗಿತ್ತು. ಡ್ರಮ್ಮು ನಿಂತಿತ್ತು. ಸೋಮಲಿಂಗನ ಬರೀ ಗಂಟಲು ಏನೋ ಹಾಡುತ್ತಿತ್ತು. ಇನ್ನೊಂದು ಅರ್ಧ ನಿಮಿಷ ಉಳಿದಿದ್ದೀತು.

ಆಗ ಕೈ ಎತ್ತಬೇಕಿತ್ತು. ಮೆಲ್ವಿನ್ನನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನಾನು ಕೈ ನೋಡಿಕೊಂಡೆ, ಅದು ಮೊಣಕಾಲಿನ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಹತ್ತೊಂಬತ್ತು ವರ್ಷ ಎತ್ತದ ಕೈ ಈ ಮೂವರು ಎಳೆಯರ ಮುಂದೆ ಎತ್ತುವುದೇ ಎಂಬ ಒಂದು ಕೆಟ್ಟ ಜಂಬ. ಎತ್ತಲೋ ಬೇಡವೋ ಎಂದು ಯೋಚಿಸುತ್ತ ಆ ಕೊನೆಯ ಭಾಗವನ್ನೂ ಕೇಳಲಿಲ್ಲ. ಟೇಪು ಟಕ್ಕೆಂದು ನಿಂತಿತು. ಮೂವರೂ ಕಿವಿಯ ಹತ್ತಿ ತೆಗೆದು ನನ್ನ ಮುಖ ನೋಡಿದರು.

‘ಚೆನ್ನಾಗಿದೆ,’ ಅಂದೆ.

‘ಮೂರನೇದು?’ ಎಂದು ಸೋಮಲಿಂಗ ಕೇಳಿದ. ಬೇರೆ ಎರಡರ ಬಗ್ಗೆ ಕೇಳಲಿಲ್ಲ.

‘ಅದೂ ಚೆನ್ನಾಗಿದೆ ಕಣಪ್ಪ. ಶುಕ್ರವಾರ ಬರೀತೀನಲ್ಲ.’

ಬರೆದೆ. ಚಹಾದ ವಾಕ್ಯವನ್ನು ಮೊದಲಿಗೇ ಇಟ್ಟೆ. ಮೂರನೆಯದಕ್ಕೆ ಬಂದಾಗ ಪೆನ್ನು ನಿಂತಿತು; ನಿಂತದ್ದನ್ನು ಮುಂದೆ ದೂಡಿದೆ. ಹೆಸರು ಬೆಲ್ಟು, ಹಾಡಿದ ಹುಡುಗ ಹಿಟ್ಟಿನ ಗಿರಣಿಯವನ ಮಗ, ಡ್ರಮ್ಮು ಧಡಧಡ ಎಂದದ್ದು ನೆನಪಿದೆ. ಲೆಕ್ಕ ಹಾಕಿ ಬರೆದೆ: ‘ಹೆಸರೇ ಹೇಳುವಂತೆ ಇದು ದುಡಿಮೆಯ ಹಾಡು. ಹುರುಪಿನದು. ಇದಕ್ಕಾಗಿ ಬಿಡುವು ಮಾಡಿಕೊಳ್ಳಬೇಕಿಲ್ಲ, ಕೈಯಲ್ಲಿ ಕೆಲಸವಿಟ್ಟುಕೊಂಡೇ ಕೇಳಿ.’ ಎಷ್ಟು ಸಲೀಸಾಗಿ ಬಂತು ಎಂದರೆ, ಬರೆದು ಮುಗಿಸುವಾಗ ನಾನು ಆ ಹಾಡು ಕೇಳಿದ್ದೇನೆಂದು ನನಗೇ ಅನ್ನಿಸತೊಡಗಿತ್ತು.

ಶುಕ್ರವಾರ ಪತ್ರಿಕೆ ಬಂದ ದಿನ ರಾಗಿ ಬೀಸಿಸಲು ಗಿರಣಿಗೆ ಹೋದೆ. ಗಿರಣಿಯ ವೀರಭದ್ರಪ್ಪ ಸೋಮಲಿಂಗನ ತಂದೆ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಹಿಟ್ಟು ಕೂತ ಮನುಷ್ಯ. ಅಪ್ಪ ಮಗನಿಗೆ ಆರು ವರ್ಷದಿಂದ ಮಾತಿಲ್ಲ ಎನ್ನುವುದು ಊರಿಗೇ ಗೊತ್ತಿದ್ದ ಸಂಗತಿ. ಕಾರಣವೂ ಗೊತ್ತಿತ್ತು. ವೀರಭದ್ರಪ್ಪನವರ ಮದುವೆಗೆ ಅವರ ಹೆಂಡತಿ ಶಿವಲೀಲಮ್ಮನ ಅಣ್ಣ ಒಂದು ಹಾಡು ಕಟ್ಟಿ, ಒಂದೇ ಒಂದು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದರು. ಗಂಡ ಹೆಂಡತಿ ಅದನ್ನು ಇಪ್ಪತ್ತೈದನೆಯ ವರ್ಷಕ್ಕೆ ಒಟ್ಟಿಗೆ ಕೂತು ಕೇಳುವುದೆಂದು ಎತ್ತಿಟ್ಟಿದ್ದರು. ಹತ್ತೊಂಬತ್ತರ ಸೋಮಲಿಂಗನಿಗೆ ಗೂಡಿನಲ್ಲಿ ಹೆಸರಿಲ್ಲದ ಆ ಕ್ಯಾಸೆಟ್ಟು ಸಿಕ್ಕಿ, ಯಾವುದೋ ಹಳೆಯ ಹಾಡೆಂದು ಒಂದು ಸಲ ಪೂರ್ತಿ ಕೇಳಿ ಇಟ್ಟಿದ್ದಾನೆ. ತಿಂಗಳು ಬಿಟ್ಟು ಅದೇ ಕ್ಯಾಸೆಟ್ಟು ಕೈಗೆ ಬಂದಾಗ ಅವನಿಗೆ ಗುರುತು ಸಿಗಲಿಲ್ಲ. ಹಾಕಿ ನೋಡಿದ, ಅವನ ಕಿವಿಗೆ ಏನೂ ಕೇಳಲಿಲ್ಲ. ಖಾಲಿ ಇದೆ ಅಂದುಕೊಂಡು ಅದರ ಮೇಲೆ ತನ್ನ ಗಿಟಾರಿನ ಅಭ್ಯಾಸ ತುಂಬಿಸಿಬಿಟ್ಟ. ಹಾಡು ಕಟ್ಟಿದ ಮಾವ ಆಗಲೇ ಇರಲಿಲ್ಲ. ಮರುವರ್ಷ, ಇಪ್ಪತ್ತೈದು ತುಂಬುವ ಮೊದಲೇ, ಶಿವಲೀಲಮ್ಮನೂ ಹೋದರು. ಅವತ್ತಿನಿಂದ ವೀರಭದ್ರಪ್ಪ ಮಗನ ಜೊತೆ ಬಾಯಿ ಬಿಟ್ಟಿಲ್ಲ.

ಅಂಥವರು ಅವತ್ತು ನನ್ನ ಡಬ್ಬಿ ತೆಗೆದುಕೊಂಡು ಗಿರಣಿಗೆ ಸುರಿಯದೆ ನಿಂತರು.

‘ಇಂದಕ್ಕ, ಪೇಪರ್ ಓದಿದೆ. ನಾಳೆ ಕ್ಯಾಸೆಟ್ ಬರುತ್ತಂತಲ್ಲ.’

‘ಹೌದು ವೀರಭದ್ರಪ್ಪನೋರೆ.’

‘ಮೂರನ್ನೂ ಕೂತು ಕೇಳೋ ಎದೆ ನಂಗಿಲ್ಲಮ್ಮ. ಒಂದನ್ನ ಕೂತು ಕೇಳ್ತೀನಿ ಅಂತ ಮನಸ್ಸು ಮಾಡಿದೀನಿ. ಅವ್ನು ಏನಾದ್ರೂ ಹೇಳಿದ್ರೆ ಅದ್ರಲ್ಲೇ ಹೇಳಿರ್ತಾನೆ. ನೀವು ಕೇಳಿದೀರಿ, ಯಾವುದು ಅಂತ ಹೇಳಿ.’

ಗಿರಣಿಯ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ‘ಮೂರನೆಯದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ’ ಎಂಬ ಒಂದು ವಾಕ್ಯ ಸಾಕಿತ್ತು. ಹಿಟ್ಟು ಬೀಸಿಸಲು ಬಂದ ನಾಲ್ಕು ಜನ ಹೆಂಗಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದೊಂದೇ ಕಾರಣ, ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

‘ಎರಡನೇದು,’ ಅಂದೆ.

‘ಹಂಗಾದ್ರೆ ಎರಡನೇದನ್ನ ಕೂತು ಕೇಳ್ತೀನಿ,’ ಎಂದು ಅವರು ರಾಗಿ ಸುರಿದರು. ಹಿಟ್ಟನ್ನು ತಾವೇ ಇನ್ನೊಂದು ಸಲ ನುಣ್ಣಗೆ ಬೀಸಿ ಕೊಟ್ಟರು.

ಶನಿವಾರ ಕ್ಯಾಸೆಟ್ಟು ಅಂಗಡಿಗಳಿಗೆ ಬಂತು. ಭಾನುವಾರದೊಳಗೆ ಊರು ನನ್ನ ಮಾತಿನ ಪ್ರಕಾರ ನಡೆದುಕೊಂಡಿತ್ತು. ಎರಡನೆಯದನ್ನು ಜನ ಜಗಲಿಯ ಮೇಲೆ ಕೂತು ಕೇಳಿದರು. ಮೂರನೆಯದನ್ನು ಇಸ್ತ್ರಿ ಮಾಡುತ್ತ, ಬೆಳ್ಳುಳ್ಳಿ ಬಿಡಿಸುತ್ತ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೇಳಿ ಮುಗಿಸಿದರು. ಪಕ್ಕದ ಮನೆಯ ಪಂಕಜಮ್ಮ ಗೋಡೆಯಾಚೆಯಿಂದ ಇಣುಕಿ, ‘ಇಂದಕ್ಕ, ಆ ಬೆಲ್ಟು ಹಾಡಲ್ಲಿ ಕೊನೆಗೆ ಏನೋ ಆಯ್ತು ಕಣ್ರಿ. ಎಲ್ಲಾ ನಿಂತೋಯ್ತು. ಅಷ್ಟರಲ್ಲಿ ನಮ್ಮನೆ ಕುಕ್ಕರ್ ಕೂಗ್ಬಿಡ್ತು. ಏನಿತ್ತು ಅಲ್ಲಿ?’ ಅಂದರು. ‘ಅಂಥದ್ದೇನಿಲ್ಲ’ ಎಂದು ನಾನು ಒಗೆದ ಬಟ್ಟೆ ಹರವಲು ಹೋದೆ.

ಸೋಮವಾರ ಬೆಳಗ್ಗೆ ಸೋಮಲಿಂಗ ಬಂದ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ. ಸಿಟ್ಟಿನಲ್ಲಿ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಪಾಠ ಕೇಳಲು ಬಂದವನ ಹಾಗೆ ನಿಂತಿದ್ದ.

‘ಇಂದಕ್ಕ, ತಪ್ಪು ತಿಳ್ಕೋಬೇಡಿ. ಡ್ರಮ್ಮು ನಿಂತ ಮೇಲೆ ನಾಲ್ಕು ಸಾಲು ಬರುತ್ತಲ್ಲ, ಅದು ನಿಮಗೇನೂ ಅನ್ನಿಸ್ಲಿಲ್ವಾ?’

‘ಯಾವ ಸಾಲು’ ಎಂದು ಕೇಳುವುದರಲ್ಲಿದ್ದೆ, ನುಂಗಿಕೊಂಡೆ.

‘ಅವು ಅಮ್ಮನ ಮದುವೆ ಹಾಡಿನ ಸಾಲು. ಆ ಹಾಡನ್ನ ಕೇಳಿದೋನು ನಾನೊಬ್ನೇ ಅಲ್ವಾ. ಪೂರ್ತಿ ನೆನಪಿಗೆ ಬರ್ಲಿಲ್ಲ, ನಾಲ್ಕು ಸಾಲು ಬಂತು. ಅಷ್ಟಕ್ಕೇ ಆರು ವರ್ಷ ಆಯ್ತು. ಮೊದಲೆಲ್ಲಾ ಗಿರಣಿ ಸದ್ದಿನ ಥರ ಬಾರಿಸಿ, ಆಮೇಲೆ ಗಿರಣಿ ನಿಲ್ಸೋಕೆ ಬೆಲ್ಟು ಜಾರಿಸಿದ ಹಾಗೆ ಎಲ್ಲಾ ನಿಲ್ಸಿ, ಆ ಸಾಲನ್ನ ಬರೀ ಬಾಯಲ್ಲಿ ಹಾಡಿದ್ದೆ. ಅಪ್ಪಂಗೆ ಅಂತ. ಅಪ್ಪ ಅದನ್ನ ಗಿರಣಿ ಓಡ್ತಿರೋವಾಗ್ಲೇ ಹಾಕ್ಕೊಂಡ್ರಂತೆ. ಅವ್ರನ್ನ ಅಂದು ಏನು ಬಂತು. ನೀವು ಮೈಯೆಲ್ಲಾ ಕಿವಿಯಾಗಿ ಕೇಳೋರು. ನಿಮಗೇ ಮುಟ್ಲಿಲ್ಲ ಅಂದ್ರೆ ಹಾಡೇ ಸರಿ ಇಲ್ಲ. ಆಲ್ಬಮ್ಮಿಂದ ತೆಗೆದುಬಿಡೋಣ ಅಂತ ಮೆಲ್ವಿನ್ನಿಗೂ ಫರೀದಾಗೂ ಹೇಳಿದೀನಿ. ನನ್ನ ಹಾಡೋ ಕೆಲಸಾನೂ ಇಷ್ಟೇ ಅನ್ಸುತ್ತೆ.’

ಒಂದು ಹಾಡಿನೊಳಗೆ ಸೇರಿಹೋದ ಸಾಲು ಆ ಹಾಡಿನ ಜೊತೆಗೇ ಕಿವಿ ದಾಟಿಹೋಗುತ್ತದೆ. ಅದನ್ನು ಬಿಡಿಸಿ ತಂದು ಮತ್ತೆ ಹಾಡಿ ಕೇಳಿಸಲು ಬರುವುದಿಲ್ಲ, ನಮ್ಮೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶಿವಲೀಲಮ್ಮನ ಹಾಡಿನಲ್ಲಿ ಉಳಿದಿದ್ದ ಆ ನಾಲ್ಕು ಸಾಲು ವೀರಭದ್ರಪ್ಪನವರ ಕಿವಿಯನ್ನು ಗಿರಣಿಯ ಸದ್ದಿನಲ್ಲಿ ದಾಟಿಹೋಗಿತ್ತು. ಡ್ರಮ್ಮು ನಿಂತದ್ದು ನನಗೆ ಗೊತ್ತಿತ್ತು. ಅದೊಂದನ್ನು ನಾನು ಕೇಳಿಸಿಕೊಂಡಿದ್ದೆ. ‘ಕೊನೆಯಲ್ಲಿ ಡ್ರಮ್ಮು ನಿಲ್ಲುತ್ತದೆ’ ಎಂದು ಅಷ್ಟೇ ಬರೆದಿದ್ದರೂ ಆ ಮನುಷ್ಯ ಗಿರಣಿ ನಿಲ್ಲಿಸುತ್ತಿದ್ದರು. ಎದುರಿಗೆ ನಿಂತ ಹುಡುಗ ತನ್ನ ಹಾಡೇ ಸರಿ ಇಲ್ಲ ಎಂದುಕೊಂಡು ತಲೆ ತಗ್ಗಿಸಿದ್ದ, ತಗ್ಗಿಸಬೇಕಾದ ನನ್ನ ತಲೆ ಬಾಗಿಲೊಳಗೆ ನೆಟ್ಟಗೆ ನಿಂತಿತ್ತು.

‘ಕ್ಯಾಸೆಟ್ ಇದೆಯಾ ನಿನ್ನ ಹತ್ರ?’ ಅಂದೆ.

‘ಇದೆ.’

‘ತಗೊಂಡು ನನ್ನ ಜೊತೆ ಗಿರಣಿಗೆ ಬಾ.’

‘ಅಪ್ಪ ಮಾತಾಡಲ್ಲ ಇಂದಕ್ಕ.’

‘ನಾನು ಮಾತಾಡ್ತೀನಿ. ನೀನು ನಿಂತಿರು ಸಾಕು.’

ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತ ಹೋದೆ, ಹಾಳು ಅಭ್ಯಾಸ. ಬರಿಗೈಯಲ್ಲಿ ಗಿರಣಿಗೆ ಹೋಗುವುದು ಹೇಗೆಂದು ಸಂಕೋಚಪಟ್ಟು ರಾಗಿ ಡಬ್ಬಿಯೊಂದನ್ನು ಬೇರೆ ಹೊತ್ತುಕೊಂಡಿದ್ದೆ. ಗಿರಣಿ ಜೋರಾಗಿ ಓಡುತ್ತಿತ್ತು. ಐದಾರು ಜನ ಡಬ್ಬಿ ಸಾಲಿಗಿಟ್ಟು ನಿಂತಿದ್ದರು. ವೀರಭದ್ರಪ್ಪ ಮಗನನ್ನು ನೋಡಿದರು, ನೋಡದವರ ಹಾಗೆ ನನ್ನ ಕಡೆ ತಿರುಗಿದರು.

‘ಎರಡನೇದನ್ನ ಕೂತು ಕೇಳಿದೆ ಕಣಮ್ಮ,’ ಎಂದು ಸದ್ದಿನ ಮೇಲೆ ಕೂಗಿ ಹೇಳಿದರು. ‘ಚೆನ್ನಾಗಿತ್ತು. ನಮ್ಮ ವಿಷಯ ಏನೂ ಇರ್ಲಿಲ್ಲ. ಮೂರನೇದು ಈ ಗದ್ದಲದಲ್ಲಿ ಒಂದಕ್ಷರ ಕೇಳ್ಲಿಲ್ಲ. ಹೋಗ್ಲಿ ಬಿಡಿ, ಅದ್ರಲ್ಲಿ ಏನಿತ್ತು?’

ಜೋಡಿಸಿಕೊಂಡು ಬಂದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಬಂದಿದ್ದರೂ ಆ ಸದ್ದಿನಲ್ಲಿ ಕೂಗಿ ಹೇಳಬೇಕಿತ್ತು. ಡಬ್ಬಿ ಕೆಳಗಿಟ್ಟೆ. ಬಲಗೈಯನ್ನು ಮೇಲಕ್ಕೆತ್ತಿದೆ.

ಆ ಕೈಯ ಅರ್ಥ ಗೊತ್ತಿಲ್ಲದವರು ನಮ್ಮೂರಿನಲ್ಲಿ ಯಾರೂ ಇಲ್ಲ. ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ವೀರಭದ್ರಪ್ಪ ನನ್ನ ಕೈ ನೋಡಿದರು, ಮಗನ ಮುಖ ನೋಡಿದರು, ಮತ್ತೆ ಕೈ ನೋಡಿದರು. ಹೋಗಿ ಸ್ವಿಚ್ಚು ಆರಿಸಿದರು. ಗಿರಣಿ ಒಂದೆರಡು ಸುತ್ತು ತಿರುಗಿ ನಿಂತಿತು. ಹಗಲು ಹೊತ್ತಿನಲ್ಲಿ ಅದು ಅಷ್ಟು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ.

‘ಯಾವುದಕ್ಕೆ?’ ಎಂದು ಕೇಳಿದರು.

‘ಮೂರನೇದಕ್ಕೆ. ಕೇಳ್ದೇನೇ ಬರೆದೆ. ನೀವು ಅವತ್ತು ಕೇಳಿದಾಗ್ಲೂ ಸುಳ್ಳು ಹೇಳಿದೆ.’

ಸೋಮಲಿಂಗ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಬರುವ ಮೊದಲು ಒಂದು ಕ್ಷಣ ಸಮಾಧಾನ ಬಂದು ಹೋಯಿತು, ಹಾಡು ಕೆಟ್ಟಿರಲಿಲ್ಲವಲ್ಲ ಎಂದು. ಸಿಟ್ಟು ಆಮೇಲೆ ಬಂತು. ಅವನು ನನಗೇನೂ ಹೇಳದೆ ಅಪ್ಪನ ಕಡೆ ತಿರುಗಿ ಎರಡೇ ಮಾತಿನಲ್ಲಿ ಹೇಳಿದ: ಅಮ್ಮನ ಹಾಡಿನ ನಾಲ್ಕು ಸಾಲು ಅದರಲ್ಲಿತ್ತು ಎಂದು. ವೀರಭದ್ರಪ್ಪ ಗೋಧಿ ಚೀಲದ ಮೇಲೆ ಕೂತುಬಿಟ್ಟರು.

ಅಲ್ಲಿಂದಲೇ, ‘ಇಳಿಸಮ್ಮ ಕೈ,’ ಅಂದರು. ನನಗೆ ಅದು ಇನ್ನೂ ಮೇಲೇ ಇದ್ದದ್ದು ತಿಳಿದಿರಲಿಲ್ಲ. ‘ನಿಮ್ಮೊಬ್ರದ್ದೇ ಅಲ್ಲ. ಮಗನ ಹಾಡು ಅಂತ ಗೊತ್ತಿತ್ತು. ಗಿರಣಿ ನಿಲ್ಸಿ ಕೇಳೋಕೆ ಹೆದರಿದೆ. ಕೆಲಸ ಮಾಡ್ತಾ ಕೇಳಿ ಅಂತ ನೀವು ಬರ್ದಿದ್ರಿ, ನಂಗೊಂದು ನೆಪ ಸಿಕ್ತು.’ ಅವರು ದೊಡ್ಡ ಮನುಷ್ಯರು, ನನ್ನ ಪಾಲನ್ನು ಹಗುರ ಮಾಡಲು ನೋಡಿದರು. ನನ್ನ ಪಾಲು ನನಗೆ ಗೊತ್ತಿದೆ. ಆಮೇಲೆ ಅವರು ಆರು ವರ್ಷದ ನಂತರ ಮಗನಿಗೆ ಮೊದಲ ಮಾತು ಆಡಿದರು: ‘ನೀನು ಕೇಳಿದೀಯೇನೋ ಅದನ್ನ?’

‘ಇಲ್ಲಪ್ಪ. ನಿಮ್ಮ ಜೊತೆ ಕೇಳೋಣ ಅಂತ ಇಟ್ಕೊಂಡಿದ್ದೆ.’

‘ಹಾಕು ಹಂಗಾದ್ರೆ. ನಾನು ಕೂತಿರ್ತೀನಿ.’

ಗೂಡಿನಲ್ಲಿದ್ದ ಹಿಟ್ಟು ಹಿಡಿದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದ. ಅಲ್ಲಿದ್ದವರೆಲ್ಲ ಕೇಳಿ ಕಳೆದುಕೊಂಡವರೇ. ಹಾಡು ಕೇಳುತ್ತಿದ್ದವನು ಸೋಮಲಿಂಗ ಒಬ್ಬನೇ. ನಮಗೆ ಟೇಪಿನ ಚಕ್ರ ತಿರುಗುವುದು ಕಾಣುತ್ತಿತ್ತು. ನಾನು ಡಬ್ಬಿಯ ಪಕ್ಕದಲ್ಲಿ ನೆಲಕ್ಕೆ ಕೂತು ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡೆ. ವೀರಭದ್ರಪ್ಪ ಮಗನ ಮುಖವನ್ನೇ ನೋಡುತ್ತಿದ್ದರು. ಮೊದಲು ಅವನ ಪಾದ ತಾಳ ಹಾಕುತ್ತಿತ್ತು. ಒಂದು ಹಂತದಲ್ಲಿ ನಿಂತಿತು. ಡ್ರಮ್ಮು ನಿಂತಿತೆಂದು ನನಗೆ ಗೊತ್ತಾಯಿತು. ಆ ನಾಲ್ಕು ಸಾಲು ಮದುವೆ ಹಾಡಿನಲ್ಲೇ ಕಿವಿ ದಾಟಿದ್ದರಿಂದ ಅವನಿಗೂ ಕೇಳಿಸುವಂತಿರಲಿಲ್ಲ; ಕಣ್ಣು ಮುಚ್ಚಿ ತುಟಿಯಲ್ಲೇ ಹೇಳಿಕೊಂಡ, ಅಪ್ಪನ ಕೈ ಅವನ ಮೊಣಕಾಲಿನ ಮೇಲೆ ಬಂದು ಕೂತಿತು. ಆ ನಾಲ್ಕು ನಿಮಿಷ ನನ್ನ ಮನಸ್ಸು ಎಲ್ಲಿಗೂ ಹೋಗಲಿಲ್ಲ.

ಟೇಪು ನಿಂತ ಮೇಲೆ ವೀರಭದ್ರಪ್ಪ, ‘ರಾಗ ಬೇಡ. ಮಾತಲ್ಲೇ ಹೇಳೋ ಆ ನಾಲ್ಕು ಸಾಲು,’ ಅಂದರು. ಹಾಡಿನ ಸಾಲನ್ನು ಮಾತಿನಲ್ಲಿ ಹೇಳಿದರೆ ಕಿವಿಗೆ ಬೀಳುತ್ತದೆ, ಹಾಗೆ ಹೇಳುವುದು ಮಾತ್ರ ನಮ್ಮಲ್ಲಿ ಒಳ್ಳೆಯ ನಡತೆಯಲ್ಲ, ಆದರೂ ಯಾರೂ ಬೇಡ ಅನ್ನಲಿಲ್ಲ. ಸೋಮಲಿಂಗ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ನಾನು ಎದ್ದೆ. ಆ ಸಾಲುಗಳನ್ನು ಕೇಳುವ ಸರದಿ ನನಗೊಮ್ಮೆ ಬಂದಿತ್ತು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹೊರಗೆ ನಡೆದೆ.

ಆ ಶುಕ್ರವಾರದ ‘ಮೊದಲ ಕಿವಿ’ಯಲ್ಲಿ ಒಂದೇ ಸಾಲಿತ್ತು: ‘ಬೆಲ್ಟು ಹಾಡನ್ನು ನಾನು ಕೇಳಿಲ್ಲ.’ ಅದೇ ಕೊನೆಯ ಅಂಕಣ. ಆಲ್ಬಮ್ಮು ಬಂತು, ‘ಬೆಲ್ಟು’ ಅದರಲ್ಲಿ ಇದೆಯಂತೆ. ಹೊರಊರಿನಿಂದ ಬಂದವರು, ಆಗ ಊರಲ್ಲಿಲ್ಲದವರು ಅದನ್ನು ಕೇಳಲು ಗಿರಣಿಗೇ ಹೋಗುತ್ತಾರಂತೆ. ವೀರಭದ್ರಪ್ಪ ಅವರಿಗಾಗಿ ಸ್ವಿಚ್ಚು ಆರಿಸಿ, ಅವರ ಮುಖ ನೋಡುತ್ತ ಕೂರುತ್ತಾರಂತೆ. ಇದೆಲ್ಲ ಪಂಕಜಮ್ಮ ಹೇಳಿದ್ದು. ಅವತ್ತು ಅಲ್ಲೇ ಬಿಟ್ಟುಬಂದ ನನ್ನ ಡಬ್ಬಿಯ ರಾಗಿ ಬೀಸಿ ಮುಚ್ಚಳ ಹಾಕಿ ಗೂಡಿನಲ್ಲಿಟ್ಟಿದ್ದಾರೆ ಎಂದೂ ಹೇಳಿದರು. ಎರಡು ತಿಂಗಳಾಯಿತು, ತರಲು ಹೋಗಿಲ್ಲ.